ಮನೆಯಿಂದ ಮೊಳಗಿದ ಆಕಾಶವಾಣಿ
ಪ್ರೊ. ಎಂ.ವಿ. ಗೋಪಾಲಸ್ವಾಮಿಯವರ ಸಾಹಸ ಮತ್ತು ಗಡಿನಾಡ ಕನ್ನಡಿಗರ ನುಡಿಯುವ ಹಕ್ಕು

ಕನ್ನಡದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಸರನ್ನು, ಕವಿಗಳನ್ನು, ಏಕೀಕರಣದ ಹೋರಾಟಗಾರರನ್ನು ನೆನೆಯುತ್ತಾರೆ. ನುಡಿಯನ್ನು ಒಂದು ಊರಿನಿಂದ ಇನ್ನೊಂದು ಊರಿಗೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಮುಟ್ಟಿಸಿದ ಸಾಧನಗಳ ಚರಿತ್ರೆಯನ್ನು ಬರೆದವರು ಕಡಿಮೆ. ಆ ಸಾಧನಗಳು ಯಾರ ವಶದಲ್ಲಿದ್ದವು, ಅವುಗಳಲ್ಲಿ ಮಾತನಾಡುವ ಅಧಿಕಾರ ಯಾರಿಗಿತ್ತು, ಕೇವಲ ಕೇಳುವವರಾಗಿ ಉಳಿದವರು ಯಾರು ಎಂಬ ಪ್ರಶ್ನೆಗಳನ್ನು ಎತ್ತಿದವರು ಇನ್ನೂ ಕಡಿಮೆ. ಇಂದು ವಿಶ್ವವಿದ್ಯಾನಿಲಯಗಳಲ್ಲಿ ಮಾಧ್ಯಮ ನೀತಿ, ಸಂವಹನ ಹಕ್ಕು ಎಂಬ ಹೆಸರಿನಲ್ಲಿ ನಡೆಯುತ್ತಿರುವ ಅಧ್ಯಯನದ ತಿರುಳು ಇರುವುದು ಈ ಪ್ರಶ್ನೆಗಳಲ್ಲಿಯೇ.

ಮಡಕಶಿರಾ ಸೀಮೆಯವರಿಗೆ ಈ ಪ್ರಶ್ನೆ ಹೊಸತಲ್ಲ. ರೊಳ್ಳಕ್ಕೆ ನೆರೆಯದಾದ ಅಮರಾಪುರ ಮಂಡಲದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಅರಸರ ರಾಜಧಾನಿಯಾಗಿತ್ತು. ಆ ವಂಶದ ಅರಸರ ಪರಂಪರೆಯನ್ನು ಹೇಳುವ ಕಂಬದ ಶಾಸನ ದೊರೆತದ್ದು ಅಲ್ಲಿಯೇ. ದಾನ ಕೊಟ್ಟ ಸಂಗತಿ, ಕೆರೆ ಕಟ್ಟಿಸಿದ ಸಂಗತಿ, ವೀರನೊಬ್ಬ ಮಡಿದ ಸಂಗತಿ ಊರಿಗೆಲ್ಲ ತಿಳಿಯಲೆಂದು ಕಲ್ಲಿನ ಮೇಲೆ ಕನ್ನಡದಲ್ಲಿ ಕಂಡರಿಸುವ ಪದ್ಧತಿ ಈ ನೆಲದಲ್ಲಿ ಸಾವಿರ ವರ್ಷಗಳಿಗೂ ಹಿಂದಿನದು. ಪ್ರಜೆಗೆ ತಿಳಿಸಬೇಕಾದುದನ್ನು ಪ್ರಜೆಯ ನುಡಿಯಲ್ಲಿಯೇ ತಿಳಿಸಬೇಕೆಂಬ ವಿವೇಕ ಅದರ ಹಿಂದಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಕಲ್ಲಿನ ಸ್ಥಾನಕ್ಕೆ ಗಾಳಿಯ ಅಲೆಗಳು ಬಂದವು. ಆ ಅಲೆಗಳ ಮೇಲೆ ಕನ್ನಡವನ್ನು ಮೊದಲು ಏರಿಸಿದವರು ಅರಸರಲ್ಲ, ಅಧಿಕಾರಿಗಳಲ್ಲ. ಮೈಸೂರಿನ ಒಬ್ಬ ಅಧ್ಯಾಪಕರು. ಅವರೇ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ.

ಸಂವಹನ ಹಕ್ಕು ಎಂಬ ಪದಪುಂಜ ಅವರ ಕಾಲದಲ್ಲಿ ಇನ್ನೂ ಹುಟ್ಟಿರಲಿಲ್ಲ. ಆದರೆ ಮುಂದೆ ಪಂಡಿತರು ಆ ಹೆಸರಿನಲ್ಲಿ ವಾದಿಸಿದ ತತ್ತ್ವವನ್ನು ಅವರು ತಮ್ಮ ಮನೆಯಲ್ಲಿಯೇ ಆಚರಿಸಿ ತೋರಿಸಿದ್ದರು. ಅವರ ಸಾಹಸವನ್ನೂ ಅದರ ಮುಂದಿನ ಗತಿಯನ್ನೂ ಗಡಿನಾಡಿನ ಕಣ್ಣಿನಿಂದ ನೋಡುವುದು ಈ ಲೇಖನದ ಉದ್ದೇಶ.

ಮೈಸೂರಿನ ಮನಶ್ಶಾಸ್ತ್ರಜ್ಞ

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಭಾರತೀಯ ಸಂಸ್ಥಾನವೊಂದು ಸ್ವಂತ ವಿಶ್ವವಿದ್ಯಾನಿಲಯವನ್ನು ಕಟ್ಟಿದ್ದು ಅಂದು ದೊಡ್ಡ ಸಾಹಸವೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಆ ವರ್ಷಗಳಲ್ಲಿ ಸಂಸ್ಥಾನದ ಪ್ರತಿಭಾವಂತ ತರುಣರು ಹೊರದೇಶಗಳಿಗೆ ಹೋಗಿ ಹೊಸ ಶಾಸ್ತ್ರಗಳನ್ನು ಕಲಿತು ಬಂದು, ಇಲ್ಲಿ ಅವುಗಳಿಗೆ ನೆಲೆ ಒದಗಿಸುತ್ತಿದ್ದರು. ಗೋಪಾಲಸ್ವಾಮಿಯವರು ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಸ್ಪಿಯರ್ಮನ್ ಅವರ ಬಳಿ ಅಭ್ಯಾಸ ಮಾಡಿ ಡಾಕ್ಟರೇಟ್ ಪಡೆದವರು. ಮನುಷ್ಯನ ಬುದ್ಧಿಶಕ್ತಿಯನ್ನು ಅಳೆಯುವ ವಿಧಾನಗಳ ಬಗ್ಗೆ ಜಗತ್ತಿನಾದ್ಯಂತ ಚರ್ಚೆಯಾದ ಸಿದ್ಧಾಂತವನ್ನು ಮಂಡಿಸಿದವರು ಸ್ಪಿಯರ್ಮನ್. ಅಂಥ ಗುರುವಿನ ಬಳಿ ಪ್ರಯೋಗಶಿಸ್ತನ್ನು ಕಲಿತ ಶಿಷ್ಯರು ಮೈಸೂರಿಗೆ ಮರಳಿದರು.

1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗ ಆರಂಭವಾಯಿತು. ಕಲ್ಕತ್ತೆಯ ನಂತರ ಭಾರತದಲ್ಲಿ ಈ ಶಾಸ್ತ್ರಕ್ಕೆ ದೊರೆತ ಮೊದಲ ನೆಲೆಗಳಲ್ಲಿ ಅದೂ ಒಂದು. ತತ್ತ್ವಶಾಸ್ತ್ರದ ಒಂದು ಅಂಗವೆಂದು ಮಾತ್ರ ತಿಳಿಯಲಾಗಿದ್ದ ವಿಷಯವನ್ನು ಪ್ರಯೋಗಶಾಲೆಗೆ ತಂದು, ಉಪಕರಣಗಳ ನೆರವಿನಿಂದ ಕಲಿಸುವ ಕ್ರಮವನ್ನು ಗೋಪಾಲಸ್ವಾಮಿಯವರು ಬೆಳೆಸಿದರು. ಉಪಕರಣಗಳೆಂದರೆ ಅವರಿಗೆ ಅಪಾರ ಆಸಕ್ತಿ. ಪುಸ್ತಕದಲ್ಲಿ ಓದಿದ್ದನ್ನು ಕೈಯಾರೆ ಮಾಡಿ ನೋಡಬೇಕೆಂಬ ಹಂಬಲದಿಂದ ಮನಸ್ಸಿನ ಶಾಸ್ತ್ರಕ್ಕೆ ಬಂದವರಿಗೆ ಬಾನುಲಿಯ ಯಂತ್ರ ಅಪರಿಚಿತ ವಸ್ತುವಾಗಿ ತೋರದಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಅಂದಿನ ಸಂಸ್ಥಾನದಲ್ಲಿ ಓದುಬರಹ ಬಲ್ಲವರು ಅಲ್ಪಸಂಖ್ಯಾತರು. ಪತ್ರಿಕೆ, ಪುಸ್ತಕಗಳು ಎಷ್ಟೇ ಹೊರಬಂದರೂ ಅಕ್ಷರ ತಿಳಿಯದವರಿಗೆ ಅವು ಮುಚ್ಚಿದ ಬಾಗಿಲು. ಕಿವಿಗೆ ಮಾತ್ರ ಅಕ್ಷರದ ಹಂಗಿಲ್ಲ. ಹರಿಕಥೆ, ಗಮಕ, ಯಕ್ಷಗಾನ, ತತ್ತ್ವಪದಗಳ ಮೂಲಕ ಕೇಳಿಯೇ ಕಲಿತ ಜನಸಮುದಾಯಕ್ಕೆ ಬಾನುಲಿ ಅತ್ಯಂತ ಸಹಜವಾದ ಮಾಧ್ಯಮ. ಮನಸ್ಸು ಹೇಗೆ ಕಲಿಯುತ್ತದೆ ಎಂಬುದನ್ನೇ ಅಭ್ಯಾಸದ ವಿಷಯ ಮಾಡಿಕೊಂಡಿದ್ದ ಪ್ರಾಧ್ಯಾಪಕರಿಗೆ ಈ ಸತ್ಯ ಹೊಳೆಯದೆ ಇದ್ದಿರಲಾರದು.

1935: ಎರಡು ಆರಂಭಗಳು

ಭಾರತದಲ್ಲಿ ಬಾನುಲಿಯ ಕಥೆ ಅದಕ್ಕೂ ಮೊದಲೇ ಆರಂಭವಾಗಿತ್ತು. 1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರ ಪ್ರಾರಂಭವಾಯಿತು. ಮರುತಿಂಗಳು ಕಲ್ಕತ್ತೆಯಲ್ಲಿ ಇನ್ನೊಂದು. ಖಾಸಗಿ ಬಂಡವಾಳದ ಆ ಕಂಪನಿ ಮೂರು ವರ್ಷ ತುಂಬುವ ಮೊದಲೇ ನಷ್ಟದಿಂದ ಮುಚ್ಚಿತು. 1930ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರಕಾರವೇ ಪ್ರಸಾರದ ಹೊಣೆಯನ್ನು ವಹಿಸಿಕೊಂಡಿತು. 1885ರ ಟೆಲಿಗ್ರಾಫ್ ಕಾಯಿದೆ ತಂತಿ ಸಂಪರ್ಕದ ಏಕಸ್ವಾಮ್ಯವನ್ನು ಸರಕಾರಕ್ಕೆ ಕೊಟ್ಟಿತ್ತು. 1933ರ ನಿಸ್ತಂತು ಕಾಯಿದೆ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿತು. ಹೀಗೆ ಬ್ರಿಟಿಷ್ ಇಂಡಿಯಾದಲ್ಲಿ ಗಾಳಿಯ ಅಲೆ ಸರಕಾರದ ಸೊತ್ತಾಯಿತು.

1935ರ ಆಗಸ್ಟ್ 30ರಂದು ಲಯನೆಲ್ ಫೀಲ್ಡನ್ ಎಂಬವರು ಬಿ.ಬಿ.ಸಿ.ಯಿಂದ ಬಂದು ಭಾರತದ ಪ್ರಸಾರ ವ್ಯವಸ್ಥೆಯ ಮೊದಲ ನಿಯಂತ್ರಣಾಧಿಕಾರಿಯಾಗಿ ಅಧಿಕಾರ ವಹಿಸಿಕೊಂಡರು. ಅವರ ಹುದ್ದೆಯ ಹೆಸರಿನಲ್ಲಿಯೇ ನಿಯಂತ್ರಣ ಎಂಬ ಮಾತಿತ್ತು. ಅದಾದ ಹನ್ನೊಂದು ದಿನಗಳಿಗೆ, ಅಂದರೆ ಸೆಪ್ಟೆಂಬರ್ 10ರಂದು, ಮೈಸೂರಿನ ಒಂಟಿಕೊಪ್ಪಲಿನ ವಿಠ್ಠಲ ವಿಹಾರ ಎಂಬ ಮನೆಯಿಂದ ಪ್ರಾಧ್ಯಾಪಕ ಗೋಪಾಲಸ್ವಾಮಿಯವರು 30 ವ್ಯಾಟ್‌ನ ಪುಟ್ಟ ಪ್ರಸಾರಯಂತ್ರದ ಮೂಲಕ ಕನ್ನಡದ ದನಿಯನ್ನು ಗಾಳಿಗೆ ಬಿಟ್ಟರು. ಅಲ್ಲಿ ಸಾಮ್ರಾಜ್ಯದ ಅಧಿಕಾರ, ಖಜಾನೆ, ಕಾಯಿದೆಗಳ ಬೆಂಬಲ. ಇಲ್ಲಿ ಒಬ್ಬ ಅಧ್ಯಾಪಕರ ಮನೆ, ಸ್ವಂತ ಹಣ, ಗೆಳೆಯರ ಉತ್ಸಾಹ. ಭಾರತದ ಪ್ರಸಾರ ಚರಿತ್ರೆಯಲ್ಲಿ ಈ ಎರಡು ಆರಂಭಗಳು ಹನ್ನೊಂದು ದಿನಗಳ ಅಂತರದಲ್ಲಿ ನಡೆದದ್ದು ಕಾಕತಾಳೀಯವಾದರೂ ಅರ್ಥಪೂರ್ಣ.

30 ವ್ಯಾಟ್ ಎಂದರೆ ಮನೆಯಲ್ಲಿ ಉರಿಯುವ ಸಣ್ಣ ವಿದ್ಯುದ್ದೀಪದಷ್ಟು ಶಕ್ತಿ. ಆ ದನಿ ಬಹುದೂರ ಹೋಗುವಂತಿರಲಿಲ್ಲ. ಮುಂದೆ 250 ವ್ಯಾಟ್‌ನ ಯಂತ್ರ ಬಂದಿತು. ಸಾರ್ವಜನಿಕರು ನೆರವಾದರು, ಮೈಸೂರು ಪುರಸಭೆಯೂ ಧನಸಹಾಯ ನೀಡಿತು. ಸಂಗೀತ, ಸಾಹಿತ್ಯ, ಉಪನ್ಯಾಸಗಳಿಗೆ ಮೈಸೂರಿನಲ್ಲಿ ಬರವಿರಲಿಲ್ಲ. ಮಹಾರಾಜ ಕಾಲೇಜಿನ ಕನ್ನಡ ವಿದ್ವಾಂಸರು, ನಗರದ ಸಂಗೀತಗಾರರು ಎಲ್ಲರೂ ಕರೆದರೆ ಬರುವಷ್ಟು ಸಮೀಪದಲ್ಲಿದ್ದರು. ಸುಮಾರು ಆರು ವರ್ಷಗಳ ಕಾಲ ಈ ಕೇಂದ್ರ ಒಬ್ಬ ಪ್ರಾಧ್ಯಾಪಕರ ಶ್ರಮದಿಂದ, ಊರಿನವರ ಬೆಂಬಲದಿಂದ ನಡೆಯಿತು. ಲಾಭಕ್ಕಾಗಿ ಹುಟ್ಟಿದ ಮುಂಬಯಿಯ ಕಂಪನಿ ಮೂರು ವರ್ಷ ಬಾಳಲಿಲ್ಲ. ಲಾಭದ ಲೆಕ್ಕವನ್ನೇ ಹಾಕದ ಮೈಸೂರಿನ ಕೇಂದ್ರ ಅದರ ಇಮ್ಮಡಿ ಕಾಲ ನಿಂತಿತು.

ಹೆಸರಿನ ಕಥೆ

ಆ ಕೇಂದ್ರಕ್ಕೆ ಇಟ್ಟ ಹೆಸರು ಆಕಾಶವಾಣಿ. ಪುರಾಣಗಳಲ್ಲಿ ಅಶರೀರವಾಣಿಯ ಅರ್ಥದಲ್ಲಿ ಬಳಕೆಯಲ್ಲಿದ್ದ ಮಾತು ಹೊಸ ಯಂತ್ರಕ್ಕೆ ಎಷ್ಟು ಚೆನ್ನಾಗಿ ಹೊಂದಿತೆಂದರೆ, ಈಗ ಅದರ ಹಳೆಯ ಅರ್ಥವನ್ನೇ ವಿವರಿಸಿ ಹೇಳಬೇಕಾಗಿದೆ. ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರು ಎಂಬ ಮಾತು ಕನ್ನಡ ಸಾಹಿತ್ಯ ವಲಯದಲ್ಲಿ ಪ್ರಚಲಿತವಾಗಿದೆ. ಗೋಪಾಲಸ್ವಾಮಿಯವರಿಗೇ ಆ ಶ್ರೇಯಸ್ಸನ್ನು ಸಲ್ಲಿಸುವವರೂ ಉಂಟು. ಇಬ್ಬರೂ ಮೈಸೂರಿನ ಅಧ್ಯಾಪಕರು, ಇಬ್ಬರೂ ಆ ಕೇಂದ್ರದೊಡನೆ ಬೆರೆತವರು. ಹೆಸರು ಯಾರ ಬಾಯಿಂದ ಮೊದಲು ಬಂದಿತೆಂಬುದಕ್ಕಿಂತ ಅದು ಕನ್ನಡದ ನೆಲದಲ್ಲಿ ಒಂದು ಕೇಂದ್ರದ ಹೆಸರಾಗಿ ನಿಂತಿತೆಂಬುದು ಮುಖ್ಯ.

ಕಸ್ತೂರಿಯವರ ಬದುಕು ಭಾಷೆಯ ಗಡಿಗಳನ್ನು ಅಣಕಿಸುವಂಥದು. ಕೇರಳದ ತೃಪ್ಪೂಣಿತ್ತುರದಲ್ಲಿ ಹುಟ್ಟಿದ ಮಲಯಾಳಿ ಮನೆಮಾತಿನವರು ಮೈಸೂರಿಗೆ ಬಂದು, ಕನ್ನಡವನ್ನು ಕಲಿತು, ಕನ್ನಡದ ಶ್ರೇಷ್ಠ ಹಾಸ್ಯಲೇಖಕರಲ್ಲಿ ಒಬ್ಬರಾದರು. ರಾಶಿಯವರ ‘ಕೊರವಂಜಿ’ಯ ಓದುಗರಿಗೆ ಅವರ ಹೆಸರು ಚಿರಪರಿಚಿತ. ‘ಅನರ್ಥಕೋಶ’ ಎಂಬ ಅವರ ಕೃತಿಯ ಹೆಸರೇ ಓದುಗರನ್ನು ನಗಿಸಬಲ್ಲದು. ನಿವೃತ್ತಿಯ ನಂತರ ಅವರು ಪುಟ್ಟಪರ್ತಿಯಲ್ಲಿ ನೆಲೆಸಿದರು. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆದು ಶ್ರೀ ಸತ್ಯಸಾಯಿ ಜಿಲ್ಲೆಯಾದಾಗ ಮಡಕಶಿರಾ, ರೊಳ್ಳಗಳು ಸೇರಿದ ಆ ಹೊಸ ಜಿಲ್ಲೆಗೆ ಪುಟ್ಟಪರ್ತಿಯೇ ಕೇಂದ್ರವಾಯಿತು. ಆಕಾಶವಾಣಿ ಎಂಬ ಹೆಸರಿನೊಡನೆ ಕೂಡಿಕೊಂಡಿರುವ ಕನ್ನಡ ಲೇಖಕರೊಬ್ಬರು ತಮ್ಮ ಕೊನೆಯ ದಶಕಗಳನ್ನು ಕಳೆದದ್ದು ನಮ್ಮದೇ ಸೀಮೆಯಲ್ಲಿ ಎಂಬುದನ್ನು ಗಡಿನಾಡಿನ ಕನ್ನಡಿಗರು ಅಭಿಮಾನದಿಂದ ನೆನೆಯಬಹುದು.

ದೆಹಲಿಯಲ್ಲಿ ಫೀಲ್ಡನ್ನರ ಸಂಸ್ಥೆಗೆ 1936ರ ಜೂನ್ 8ರಂದು ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದಿತು. ಸ್ವಾತಂತ್ರ್ಯದ ನಂತರ, 1950ರ ದಶಕದ ಉತ್ತರಾರ್ಧದಲ್ಲಿ, ಇಡೀ ರಾಷ್ಟ್ರದ ಬಾನುಲಿ ಆಕಾಶವಾಣಿ ಎಂಬ ಹೆಸರನ್ನು ಸ್ವೀಕರಿಸಿತು. ಮೈಸೂರಿನ ಮನೆಯೊಂದರಲ್ಲಿ ಬಳಕೆಗೆ ಬಂದ ಹೆಸರು ಎರಡು ದಶಕಗಳಲ್ಲಿ ರಾಷ್ಟ್ರದ ಹೆಸರಾಯಿತು.

ಮನೆಯಿಂದ ಸಂಸ್ಥಾನಕ್ಕೆ, ಸಂಸ್ಥಾನದಿಂದ ಕೇಂದ್ರಕ್ಕೆ

ಒಬ್ಬ ವ್ಯಕ್ತಿಯ ಹೆಗಲ ಮೇಲೆ ಇಂಥ ಭಾರ ಬಹುಕಾಲ ನಿಲ್ಲದು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವು ಆಕಾಶವಾಣಿಯನ್ನು ವಹಿಸಿಕೊಂಡಿತು. ಸಂಸ್ಥಾನ ತನ್ನ ಪ್ರಜೆಗಳ ನುಡಿಯಲ್ಲಿ ತಾನೇ ಬಾನುಲಿ ನಡೆಸುವಂತಾದದ್ದು ಸಣ್ಣ ಸಂಗತಿಯಲ್ಲ. 1935ರ ಭಾರತ ಸರಕಾರ ಕಾಯಿದೆಯ 129ನೆಯ ವಿಧಿಯಲ್ಲಿ, ಪ್ರಾಂತಗಳಿಗೂ ಒಕ್ಕೂಟಕ್ಕೆ ಸೇರುವ ಸಂಸ್ಥಾನಗಳಿಗೂ ಪ್ರಸಾರದ ಅಧಿಕಾರವನ್ನು ಕೇಂದ್ರವು ವಿನಾಕಾರಣ ನಿರಾಕರಿಸಬಾರದೆಂಬ ಮಾತು ಇತ್ತು. ಪ್ರಸಾರ ಒಂದೇ ಕೈಯಲ್ಲಿ ಇರಬೇಕಾಗಿಲ್ಲ ಎಂಬ ಅರಿವು ಅಂದಿನ ಕಾಯಿದೆಯಲ್ಲಿಯೇ ಇಣುಕಿತ್ತು.

1947ರಲ್ಲಿ ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಬಂದ ಆಲ್ ಇಂಡಿಯಾ ರೇಡಿಯೋದ ಕೇಂದ್ರಗಳು ಆರು: ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ತಿರುಚಿರಾಪಳ್ಳಿ, ಲಖನೌ. ಇವುಗಳಲ್ಲಿ ಒಂದೂ ಕನ್ನಡ ನೆಲದಲ್ಲಿರಲಿಲ್ಲ. ಕನ್ನಡ ನಾಡಿನೊಳಗೆ ನೆಲೆಯಿದ್ದು ಕನ್ನಡದಲ್ಲಿ ಮಾತನಾಡುತ್ತಿದ್ದ ಕೇಂದ್ರವೆಂದರೆ ಪ್ರಾಧ್ಯಾಪಕರು ಕಟ್ಟಿದ ಆಕಾಶವಾಣಿಯೇ. ಅವರು ಆ ಸಾಹಸಕ್ಕೆ ಕೈಹಾಕದೆ ಇದ್ದಿದ್ದರೆ ಕನ್ನಡಕ್ಕೆ ಸ್ವಂತ ಬಾನುಲಿ ದೊರೆಯಲು ಇನ್ನೆಷ್ಟು ಕಾಲ ಕಾಯಬೇಕಿತ್ತೋ! ಧಾರವಾಡದ ಕೇಂದ್ರ ಪ್ರಾರಂಭವಾದದ್ದು 1950ರ ಜನವರಿ 8ರಂದು. ಅದೇ ವರ್ಷದ ಏಪ್ರಿಲ್ 1ರಂದು ಮೈಸೂರಿನ ಕೇಂದ್ರವೂ ಇತರ ಸಂಸ್ಥಾನಗಳ ಕೇಂದ್ರಗಳೊಡನೆ ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. 1955ರ ನವೆಂಬರ್ 2ರಂದು ಅದು ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಬಾನುಲಿ ಮರಳಿದ್ದು 1974ರಲ್ಲಿ.

ಈ ಬದಲಾವಣೆಯಿಂದ ಬಂದ ಲಾಭ ದೊಡ್ಡದು. ಬೆಂಗಳೂರು, ಧಾರವಾಡ, ಭದ್ರಾವತಿ ಮುಂತಾದ ಕೇಂದ್ರಗಳಿಂದ ಕನ್ನಡ ಲಕ್ಷಾಂತರ ಮನೆಗಳಿಗೆ ತಲುಪಿತು. ಬೇಂದ್ರೆಯವರಂಥ ಕವಿಗಳು ಧಾರವಾಡದ ಕೇಂದ್ರಕ್ಕೆ ಸಲಹೆಗಾರರಾಗಿದ್ದರು. ಎನ್ಕೆ ಕುಲಕರ್ಣಿ, ಎಚ್.ಕೆ. ರಂಗನಾಥ್ ಮೊದಲಾದವರು ಬಾನುಲಿ ನಾಟಕವನ್ನು ಬೆಳೆಸಿದರು, ‘ಈರಣ್ಣ’ನಾಗಿ ಎ.ಎಸ್. ಮೂರ್ತಿಯವರು ಮನೆಮಾತಾದರು. ಜೊತೆಗೇ ಒಂದು ನಷ್ಟವೂ ಆಯಿತು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪ್ರಸಾರವು ಕೇಂದ್ರ ಪಟ್ಟಿಗೆ ಸೇರಿತು. ಹಳೆಯ ಟೆಲಿಗ್ರಾಫ್ ಕಾಯಿದೆ ಹಾಗೆಯೇ ಉಳಿಯಿತು. ಒಂದು ಕಾಲೇಜು, ಒಂದು ಪುರಸಭೆ, ಒಂದು ಹಳ್ಳಿ ತಾನೇ ಕೇಂದ್ರ ನಡೆಸಬಹುದೆಂಬ ಕಲ್ಪನೆ ಮರೆಯಾಯಿತು. 1935ರಲ್ಲಿ ಗೋಪಾಲಸ್ವಾಮಿಯವರು ಮಾಡಿದ್ದನ್ನು ಸ್ವತಂತ್ರ ಭಾರತದ ಪ್ರಜೆ 1975ರಲ್ಲಿ ಮಾಡಹೊರಟಿದ್ದರೆ ಕಾಯಿದೆಯ ಕಣ್ಣಿನಲ್ಲಿ ಅಪರಾಧಿಯಾಗುತ್ತಿದ್ದ. ಕೇಳುವ ಅವಕಾಶ ಹಿಗ್ಗಿತು; ನುಡಿಯುವ ಅವಕಾಶ ಕುಗ್ಗಿತು.

ಗಡಿಯ ಗೆರೆ ಮತ್ತು ಗಾಳಿಯ ಅಲೆ

ಅದೇ ವರ್ಷಗಳಲ್ಲಿ ನಮ್ಮ ಸೀಮೆಯ ಭವಿಷ್ಯವೂ ನಿರ್ಧಾರವಾಗುತ್ತಿತ್ತು. ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 1882ರಲ್ಲಿ. ಎರಡೂ ಮದರಾಸು ಪ್ರಾಂತದಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಿ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆ ನಡೆದು, ಅದು ಮೈಸೂರಿಗೆ ಉಳಿಯಿತು. ಮಡಕಶಿರಾ ತಾಲ್ಲೂಕು ಅನಂತಪುರ ಜಿಲ್ಲೆಯೊಡನೆ ಆಂಧ್ರದ ಭಾಗವಾಯಿತು. ಮಡಕಶಿರಾ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಮಂಡಲಗಳ ಈ ನೆಲಕ್ಕೆ ಶಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳೇ ನೆರೆಹೊರೆ. ಸಂತೆ, ಸಂಬಂಧ, ಜಾತ್ರೆಗಳೆಲ್ಲ ಗೆರೆಯ ಎರಡೂ ಕಡೆ ಹರಡಿಕೊಂಡಿರುವವು.

ಗೆರೆಯಿಂದಾಗಿ ಕಚೇರಿಯ ಕಾಗದ, ಪಹಣಿ, ಪ್ರಕಟಣೆಗಳ ಭಾಷೆ ಬದಲಾಯಿತು. ಗಾಳಿಯ ಅಲೆಗೆ ಮಾತ್ರ ಗಡಿ ಠಾಣೆಯಿಲ್ಲ. ಬೆಂಗಳೂರಿನ ಪ್ರದೇಶ ಸಮಾಚಾರ, ಕೃಷಿರಂಗ, ನಾಟಕ, ಚಿತ್ರಗೀತೆಗಳು ಗೆರೆಯನ್ನು ಲೆಕ್ಕಿಸದೆ ಇತ್ತ ಬಂದವು. ರಾಜ್ಯಗಳ ಪುನರ್ವಿಂಗಡಣೆ ಬೇರ್ಪಡಿಸಿದ ಜನರನ್ನು ಬಾನುಲಿ ಒಂದೇ ಕೇಳುಗ ಸಮುದಾಯವಾಗಿ ಉಳಿಸಿತು. ಶಾಲೆಯಲ್ಲಿ ಕನ್ನಡ ಓದಲು ಅವಕಾಶ ದೊರೆತವರಿಗೂ ದೊರೆಯದವರಿಗೂ ಶುದ್ಧ ಕನ್ನಡವನ್ನು ದಿನವೂ ಕೇಳಿಸಿದ ಗುರು ಅದು. ಗಡಿನಾಡಿನಲ್ಲಿ ಕನ್ನಡ ಉಳಿದ ಕಾರಣಗಳನ್ನು ಎಣಿಸುವಾಗ ಮನೆ, ಮಠ, ಶಾಲೆಗಳ ಜೊತೆಗೆ ಈ ಪುಟ್ಟ ಪೆಟ್ಟಿಗೆಯನ್ನೂ ಎಣಿಸಬೇಕು.

ಆದರೆ ಆ ಪೆಟ್ಟಿಗೆಯಿಂದ ಬರುತ್ತಿದ್ದ ಸುದ್ದಿ ಬೆಂಗಳೂರಿನದು, ತುಮಕೂರಿನದು, ಮೈಸೂರಿನದು. ರೊಳ್ಳದ ರೈತನ ಬೆಳೆ ಹೋದ ಸುದ್ದಿ, ರತ್ನಗಿರಿಯ ಕೋಟೆಯ ಕಥೆ, ಇಲ್ಲಿಯ ಹೆಂಗಸರ ಸೋಬಾನೆ, ಇಲ್ಲಿಯ ಕನ್ನಡದ ಉಚ್ಚಾರ ಅದರಲ್ಲಿ ಕೇಳಿಬರುವುದು ಅಪರೂಪ. ಒಂದು ರಾಜ್ಯದ ಬಾನುಲಿಗೆ ನಾವು ಹೊರಗಿನವರು. ಇನ್ನೊಂದು ರಾಜ್ಯದ ಬಾನುಲಿಗೆ ನಮ್ಮ ನುಡಿ ಹೊರಗಿನದು. ಇದು ಯಾರೋ ದುರುದ್ದೇಶದಿಂದ ಮಾಡಿದ್ದಲ್ಲ. ರಾಜಧಾನಿಗಳಲ್ಲಿ ಕುಳಿತು ದೊಡ್ಡ ಯಂತ್ರಗಳಿಂದ ಮಾತನಾಡುವ ವ್ಯವಸ್ಥೆಯಲ್ಲಿ ಅಂಚಿನ ಊರುಗಳು ಕೇಳುಗರಾಗಿಯೇ ಉಳಿಯುವುದು ಸಹಜ. ಗಡಿನಾಡಿನವರಿಗೆ ನುಡಿಯುವ ಹಕ್ಕಿನ ಕೊರತೆ ಹೆಚ್ಚಾಗಿ ತಟ್ಟುವುದು ಈ ಕಾರಣದಿಂದಲೇ.

ಹಕ್ಕಿನ ವಿಚಾರ ಬೆಳೆದ ಬಗೆ

ಗೋಪಾಲಸ್ವಾಮಿಯವರು ಮಾಡಿ ತೋರಿಸಿದ್ದಕ್ಕೆ ತಾತ್ವಿಕ ಭಾಷೆ ದೊರೆತದ್ದು ತಡವಾಗಿ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 19ನೆಯ ವಿಧಿ ಅಭಿಪ್ರಾಯ ಸ್ವಾತಂತ್ರ್ಯವನ್ನು ಸಾರಿತು. ನಮ್ಮ ಸಂವಿಧಾನದಲ್ಲಿಯೂ ವಾಕ್ ಸ್ವಾತಂತ್ರ್ಯ 19ನೆಯ ವಿಧಿಯಲ್ಲಿಯೇ ಇರುವುದು ಗಮನಿಸಬೇಕಾದ ಸಂಗತಿ. ಆದರೆ ಮಾತನಾಡುವ ಸ್ವಾತಂತ್ರ್ಯವಿದ್ದು, ಆ ಮಾತನ್ನು ಇತರರಿಗೆ ಮುಟ್ಟಿಸುವ ಸಾಧನವಿಲ್ಲದಿದ್ದರೆ ಅದು ಮುಚ್ಚಿದ ಕೋಣೆಯ ಸ್ವಾತಂತ್ರ್ಯ. 1969ರಲ್ಲಿ ಫ್ರಾನ್ಸಿನ ಜಾನ್ ದಾರ್ಸಿ ಎಂಬವರು ಸಂವಹನವೇ ಒಂದು ಮಾನವ ಹಕ್ಕಾಗಬೇಕೆಂದು ವಾದಿಸಿದರು. ಯುನೆಸ್ಕೊ ನೇಮಿಸಿದ ಮ್ಯಾಕ್‌ಬ್ರೈಡ್ ಆಯೋಗ 1980ರಲ್ಲಿ ತನ್ನ ವರದಿಯನ್ನು ಪ್ರಕಟಿಸಿ, ಸುದ್ದಿ ಮತ್ತು ಮಾಹಿತಿಯ ಹರಿವು ಬಲಿಷ್ಠರಿಂದ ದುರ್ಬಲರ ಕಡೆಗೆ ಮಾತ್ರ ಸಾಗುತ್ತಿದೆಯೆಂಬುದನ್ನು ಜಗತ್ತಿನ ಮುಂದಿಟ್ಟಿತು. ಆ ಆಯೋಗದಲ್ಲಿ ಭಾರತದ ಸದಸ್ಯರಾಗಿದ್ದವರು ಪತ್ರಕರ್ತ ಬಿ.ಜಿ. ವರ್ಗೀಸ್. ಅದಕ್ಕೂ ಮುನ್ನ, 1978ರಲ್ಲಿ, ಅವರದೇ ಅಧ್ಯಕ್ಷತೆಯ ಸಮಿತಿಯು ಭಾರತದ ಪ್ರಸಾರ ಮಾಧ್ಯಮವನ್ನು ಆಕಾಶ ಭಾರತಿ ಎಂಬ ಸ್ವಾಯತ್ತ ಸಂಸ್ಥೆಗೆ ಒಪ್ಪಿಸಬೇಕೆಂದು ಶಿಫಾರಸು ಮಾಡಿತ್ತು.

ನಿಜವಾದ ತಿರುವು ಬಂದದ್ದು 1995ರ ಫೆಬ್ರವರಿ 9ರಂದು. ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸಾರಿತು. ಸರಕಾರ ಅದರ ಒಡೆಯನಲ್ಲ. ಜನರ ಹಿತಕ್ಕಾಗಿ ಅದರ ಬಳಕೆಯನ್ನು ನೋಡಿಕೊಳ್ಳಬೇಕಾದದ್ದು ಸ್ವತಂತ್ರವಾದ ಸಾರ್ವಜನಿಕ ಪ್ರಾಧಿಕಾರ ಎಂಬುದು ಆ ತೀರ್ಪಿನ ಸಾರ. ಕ್ರಿಕೆಟ್ ಪಂದ್ಯದ ಪ್ರಸಾರಕ್ಕಾಗಿ ಹುಟ್ಟಿದ ವ್ಯಾಜ್ಯ ಹಳ್ಳಿಯ ದನಿಗೆ ದಾರಿ ತೆರೆದದ್ದು ಚರಿತ್ರೆಯ ಸೋಜಿಗ. ಮರುವರ್ಷ, 1996ರಲ್ಲಿ, ವಾಯ್ಸಸ್ ಎಂಬ ಸಂಸ್ಥೆಯ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಸೇರಿದ ಬಾನುಲಿ ಆಸಕ್ತರು ಸಮುದಾಯ ಬಾನುಲಿಗಾಗಿ ಘೋಷಣಾಪತ್ರವೊಂದನ್ನು ಹೊರಡಿಸಿದರು. ಪ್ರಸಾರ ಚರಿತ್ರೆಯಲ್ಲಿ ಕನ್ನಡ ನಾಡಿನ ಹೆಸರು ಎರಡನೆಯ ಬಾರಿ ಹೀಗೆ ಬರೆಯಲ್ಪಟ್ಟಿತು.

ಇದರ ಫಲವನ್ನು ಕಾಣಲು ಇನ್ನೊಂದು ಗಡಿ ಜಿಲ್ಲೆಗೆ, ಕೋಲಾರಕ್ಕೆ ಹೋಗಬೇಕು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ ಎಂಬ ಕೇಂದ್ರವನ್ನು ಕಟ್ಟಿದವು. ಗಾಳಿಯಲ್ಲಿ ಪ್ರಸಾರ ಮಾಡಲು ಹಳ್ಳಿಯವರಿಗೆ ಆಗ ಪರವಾನಗಿ ಇರಲಿಲ್ಲ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮೊದಲು ತಮ್ಮ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ಸಂಘದ ಸಭೆಗಳಲ್ಲಿ ಕೇಳಿಸಿದರು. ಬಳಿಕ ಕೇಬಲ್ ತಂತಿಯ ಮೂಲಕ ಮನೆಗಳಿಗೆ ತಲುಪಿಸಿದರು. ಆಕಾಶ ನಿಷಿದ್ಧವಾದಾಗ ನೆಲದ ಮೇಲಿನ ತಂತಿಯನ್ನೇ ದಾರಿ ಮಾಡಿಕೊಂಡ ಈ ಯುಕ್ತಿ ಗೋಪಾಲಸ್ವಾಮಿಯವರಿಗೆ ಮೆಚ್ಚುಗೆಯಾಗುತ್ತಿತ್ತು. ಹೈದರಾಬಾದ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ವಿನೋದ್ ಪಾವರಾಲ ಮತ್ತು ಕಾಂಚನ್ ಮಲಿಕ್ ಅವರು ಭಾರತದ ಸಮುದಾಯ ಬಾನುಲಿ ಹೋರಾಟವನ್ನು ಕುರಿತು 2007ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೂದಿಕೋಟೆಯ ಪ್ರಯೋಗಕ್ಕೂ ಸ್ಥಾನವಿದೆ. ಮಾಧ್ಯಮ ನೀತಿಯ ಪ್ರಾಧ್ಯಾಪಕರು ಇಂದು ಅಭ್ಯಾಸ ಮಾಡುವುದು ಇಂಥ ಸಾಮಾನ್ಯರ ಸಾಹಸಗಳನ್ನೇ.

ಸರಕಾರವೂ ಹಂತಹಂತವಾಗಿ ಬಾಗಿಲು ತೆರೆಯಿತು. 2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೆ ಬಾನುಲಿ ನಡೆಸಲು ಅವಕಾಶ ದೊರೆಯಿತು. ಒಂದು ಕಾಲೇಜಿನ ಪ್ರಾಧ್ಯಾಪಕರು 1935ರಲ್ಲಿ ಮಾಡಿದ್ದಕ್ಕೆ ಕಾಯಿದೆಯ ಒಪ್ಪಿಗೆ ಬರಲು ಅರುವತ್ತೇಳು ವರ್ಷಗಳು ಬೇಕಾದವು! 2006ರ ನವೆಂಬರ್‌ನಲ್ಲಿ ಆ ಅವಕಾಶ ಸರಕಾರೇತರ ಸಂಘಸಂಸ್ಥೆಗಳಿಗೂ ವಿಸ್ತರಿಸಿತು.

ನಮ್ಮ ಮುಂದಿರುವ ದಾರಿ

2006ರ ಆ ನೀತಿಯ ಕೆಲವು ಅಂಶಗಳನ್ನು ಸಂಘದ ಸದಸ್ಯರು ತಿಳಿದಿರುವುದು ಒಳ್ಳೆಯದು. ಲಾಭದ ಉದ್ದೇಶವಿಲ್ಲದ, ನೋಂದಾಯಿತವಾದ, ಕನಿಷ್ಠ ಮೂರು ವರ್ಷ ಸ್ಥಳೀಯ ಸಮುದಾಯದ ಸೇವೆ ಮಾಡಿರುವ ಸಂಸ್ಥೆ ಅರ್ಜಿ ಸಲ್ಲಿಸಬಹುದು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧಭಾಗ ಆ ಸಮುದಾಯದವರ ಪಾಲ್ಗೊಳ್ಳುವಿಕೆಯಿಂದ ಸ್ಥಳೀಯವಾಗಿಯೇ ತಯಾರಾಗಬೇಕು. ಕಾರ್ಯಕ್ರಮಗಳು ಆದಷ್ಟೂ ಆ ಊರಿನ ಭಾಷೆಯಲ್ಲಿ, ಆಡುನುಡಿಯಲ್ಲಿ ಇರಬೇಕು. ಭಾಷೆಯ ಬಗ್ಗೆ ಆ ನೀತಿ ರಾಜ್ಯವನ್ನು ನೋಡದೆ ಸಮುದಾಯವನ್ನು ನೋಡಿರುವುದು ಗಡಿನಾಡಿಗೆ ಮುಖ್ಯವಾದ ಸಂಗತಿ. ಪ್ರಸಾರಶಕ್ತಿ ಸಾಮಾನ್ಯವಾಗಿ 100 ವ್ಯಾಟ್‌ನವರೆಗೆ. ಪ್ರಾಧ್ಯಾಪಕರ ಮೊದಲ ಯಂತ್ರದ ಶಕ್ತಿ 30 ವ್ಯಾಟ್ ಆಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಅವರಿಗೆ ದೊರೆಯದಿದ್ದ ಕಾಯಿದೆಯ ನೆರಳು, ಅವರಿಗಿಂತ ಮೂರು ಪಟ್ಟು ಶಕ್ತಿ ಇಂದು ಒಂದು ಸಾಧಾರಣ ಸಂಘಕ್ಕೂ ಎಟಕುವಂತಿದೆ.

ಸಂವಹನದ ಹಕ್ಕು ಬಾನುಲಿಯೊಂದಕ್ಕೇ ಸೀಮಿತವಲ್ಲ. 1956ರಲ್ಲಿ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ ಸರಕಾರ ಹೊರಡಿಸಿದ ಜ್ಞಾಪನಪತ್ರ, ಅದರ ಬೆನ್ನಿಗೆ ಬಂದ ಮುಖ್ಯಮಂತ್ರಿಗಳ ಒಪ್ಪಂದಗಳು ಇಂದಿಗೂ ಮಾನ್ಯವಾಗಿವೆ. ಅವುಗಳ ಪ್ರಕಾರ ಒಂದು ಜಿಲ್ಲೆ, ತಾಲ್ಲೂಕು ಅಥವಾ ಪುರಸಭೆಯಲ್ಲಿ ಅಲ್ಪಸಂಖ್ಯಾತ ಭಾಷಿಕರು ಶೇಕಡ 15ರಿಂದ 20ರಷ್ಟಿದ್ದರೆ ಮುಖ್ಯವಾದ ಕಾಯಿದೆ, ನಿಯಮ, ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕು. ಶಾಲೆಯಲ್ಲಿ 40 ಮಕ್ಕಳು, ಇಲ್ಲವೇ ತರಗತಿಯಲ್ಲಿ 10 ಮಕ್ಕಳು ಒಂದು ಮಾತೃಭಾಷೆಯವರಿದ್ದರೆ ಪ್ರಾಥಮಿಕ ಹಂತದಲ್ಲಿ ಆ ಭಾಷೆಯಲ್ಲಿ ಕಲಿಸಲು ಏರ್ಪಾಡು ಮಾಡಬೇಕೆಂಬ ನಿಯಮ 1949ರಷ್ಟು ಹಳೆಯದು. ಸಂವಿಧಾನದ 350ಎ ಮತ್ತು 350ಬಿ ವಿಧಿಗಳು ಇವುಗಳಿಗೆ ಬಲ ಕೊಟ್ಟಿವೆ. ಹೇಮಾವತಿಯ ಕಲ್ಲುಗಳು ಒಂದು ಕಾಲದಲ್ಲಿ ಸಹಜವಾಗಿ ಮಾಡುತ್ತಿದ್ದ ಕೆಲಸವನ್ನೇ ಈ ನಿಯಮಗಳು ಇಂದಿನ ಕಚೇರಿಗಳಿಂದ ಬಯಸುತ್ತವೆ. ತೆಲುಗು ನಮಗೆ ಪರಕೀಯ ನುಡಿಯಲ್ಲ. ಈ ಸೀಮೆಯ ಮನೆಮನೆಯಲ್ಲಿ ಎರಡೂ ನುಡಿಗಳು ಅಕ್ಕತಂಗಿಯರಂತೆ ಬಾಳಿವೆ. ಒಂದರ ಹಕ್ಕನ್ನು ಕೇಳುವುದು ಇನ್ನೊಂದರ ವಿರುದ್ಧ ನಿಲ್ಲುವುದಲ್ಲ. ಆದರೆ ಕೇಳದೆ ಯಾವ ಹಕ್ಕೂ ತಾನಾಗಿ ಮನೆಬಾಗಿಲಿಗೆ ಬಂದ ಉದಾಹರಣೆ ಚರಿತ್ರೆಯಲ್ಲಿಲ್ಲ.

ಗೋಪಾಲಸ್ವಾಮಿಯವರ ಜೀವನದಿಂದ ನಾವು ಕಲಿಯಬೇಕಾದ ಪಾಠ ಇದೇ. ಅವರು ಸರಕಾರದ ಆದೇಶಕ್ಕಾಗಿ ಕಾಯಲಿಲ್ಲ, ದೊಡ್ಡ ಬಂಡವಾಳಕ್ಕಾಗಿ ಕಾಯಲಿಲ್ಲ. ತಮ್ಮ ಕೈಗೆಟಕುವ ಯಂತ್ರದಿಂದ, ತಮ್ಮ ಊರಿನ ಪ್ರತಿಭೆಯಿಂದ, ತಮ್ಮ ಮನೆಯಿಂದ ಆರಂಭಿಸಿದರು. ಪುರಸಭೆ ಬೆನ್ನಿಗೆ ಬಂದಿತು, ಸಂಸ್ಥಾನ ಬಂದಿತು, ಕೊನೆಗೆ ರಾಷ್ಟ್ರವೇ ಅವರ ಕೇಂದ್ರದ ಹೆಸರನ್ನು ಹೊತ್ತಿತು. ಇಂದು ಧ್ವನಿಮುದ್ರಣಕ್ಕೆ ಬೇಕಾದ ಸಾಧನ ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ. ಹಿರಿಯರ ಬಾಯಲ್ಲಿರುವ ಹಾಡು, ಕಥೆ, ಊರಿನ ಚರಿತ್ರೆಗಳನ್ನು ಅವರಿರುವಾಗಲೇ ಸಂಗ್ರಹಿಸುವ ಕೆಲಸವನ್ನು ಸಂಘದ ತರುಣರು ಈ ವರ್ಷವೇ ಕೈಗೊಳ್ಳಬಹುದು. ಪರವಾನಗಿಯ ಅರ್ಜಿ ಅದರ ಹಿಂದೆಯೇ ಹೋಗಲಿ. ಗಡಿಯಾಚೆಯ ಕನ್ನಡವನ್ನು ಎಪ್ಪತ್ತು ವರ್ಷ ಕಿವಿಗೊಟ್ಟು ಕೇಳಿದ ಈ ಸೀಮೆ, ತನ್ನ ಕನ್ನಡವನ್ನು ನಾಡಿಗೆ ಕೇಳಿಸುವ ದಿನವೂ ಬರಲಿ.